ಶಿಶುನಾಳದ ಹಾಡುಗಾರ

ಹಿರೇಕೆರೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಸೋಮವಾರದ ಭಜನೆ ಮುಗಿಯುತ್ತಿದ್ದುದು ಶರೀಫ ಸಾಹೇಬರ ಒಂದು ಪದದಿಂದ. ಏಕತಾರಿಯ ಒಂಟಿ ತಂತಿ, ದಮ್ಮಡಿಯ ಪೆಟ್ಟು, ತಾಳದ ದನಿ; ಇಷ್ಟರಲ್ಲಿಯೇ ಆ ಪದಗಳನ್ನು ಕೇಳುತ್ತ ನಾನು ಬೆಳೆದೆ. ಮುಂದೊಂದು ದಿನ ನನ್ನ ವಿದ್ಯಾರ್ಥಿಯೊಬ್ಬ ಅವನ್ನೇ ಗಿಟಾರಿನ ಮೇಲೆ, ರಾಕ್ ಸಂಗೀತದ ಅಬ್ಬರದಲ್ಲಿ ಹಾಡಿದಾಗ ನನಗೆ ಕಸಿವಿಸಿಯಾಯಿತು. ಹಿರಿಯರ ಸೊತ್ತನ್ನು ಯಾರೋ ಕೆಡಿಸಿದರೆಂಬ ಭಾವನೆ ಅದು. ಆದರೆ ಆ ಸೊತ್ತು ಯಾರದು?

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ತಂದೆಯು ಹುಲಗೂರಿನ ಖಾದರಿ ಸಂತರಲ್ಲಿ ಭಕ್ತಿಯುಳ್ಳವರಾಗಿದ್ದರು. ಮಗನು ಕಲಿತು ಕೆಲಕಾಲ ಶಾಲಾಮಾಸ್ತರನಾದನು. ಮದುವೆಯಾಯಿತು, ಮಗಳು ಹುಟ್ಟಿದಳು. ಆದರೆ ಸಂಸಾರ ಉಳಿಯಲಿಲ್ಲ. ಅವರ ಮನಸ್ಸು ನೆಟ್ಟದ್ದು ಕಳಸದ ಗೋವಿಂದಭಟ್ಟರಲ್ಲಿ. ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನನ್ನು ಮಗನಂತೆ ಒಪ್ಪಿದರು. ತಮ್ಮ ಕೈಯಿಂದಲೇ ಜನಿವಾರ ಹಾಕಿದರೆಂದು ಜನ ಇಂದಿಗೂ ಹೇಳುತ್ತಾರೆ. ಈ ಒಡನಾಟವನ್ನು ಎರಡು ಕಡೆಯವರೂ ಸುಲಭವಾಗಿ ಸಹಿಸಲಿಲ್ಲ. ಗುರುಶಿಷ್ಯರು ಮಾತ್ರ ಹಿಡಿದ ಕೈ ಬಿಡಲಿಲ್ಲ.

ಶರೀಫರು ಹಾಡಿಗೆ ದೊಡ್ಡ ವಸ್ತುಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಸೋರುವ ಮನೆ, ಸೇದುವ ಗುಡಗುಡಿ, ಕೋಡಗವನ್ನು ನುಂಗಿದ ಕೋಳಿ. ಹಳ್ಳಿಗ ಕಂಡ ವಸ್ತುಗಳಲ್ಲಿಯೇ ಅವರು ತತ್ತ್ವವನ್ನು ಅಡಗಿಸಿದರು. ಮೊಹರಮ್ಮಿಗೆ ರಿವಾಯತುಗಳನ್ನೂ ಕಟ್ಟಿದರು. ಪದದ ಕೊನೆಗೆ ಮಾತ್ರ ತಮ್ಮ ಹೆಸರನ್ನಿಡದೆ ಊರ ಬಸವಣ್ಣ ದೇವರ ಹೆಸರನ್ನಿಟ್ಟರು; ಶಿಶುನಾಳಾಧೀಶನೆಂಬುದೇ ಅವರ ಅಂಕಿತ. 1889ರಲ್ಲಿ ಅವರು ತೀರಿಕೊಂಡ ಮೇಲೆಯೂ ಹಾನಗಲ್ಲು, ಸವಣೂರು, ಹಿರೇಕೆರೂರುಗಳ ಭಜನಾ ಮೇಳಗಳು ಆ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸುತ್ತ ಬಂದವು. ಆಮೇಲೆ ಸಂಗ್ರಹಕಾರರು ಅವನ್ನು ಕಾಗದಕ್ಕಿಳಿಸಿದರು, ಸಿ. ಅಶ್ವತ್ಥರು ಸುಗಮ ಸಂಗೀತಕ್ಕೆ ತಂದರು, 1990ರಲ್ಲಿ ಟಿ. ಎಸ್. ನಾಗಾಭರಣರು ಚಲನಚಿತ್ರ ಮಾಡಿದರು. ಮುಂದೆ ರಘು ದೀಕ್ಷಿತರ ಗಿಟಾರು ಗುಡಗುಡಿಯ ಪದವನ್ನು ದೂರದ ದೇಶಗಳ ವೇದಿಕೆಗಳಿಗೂ ಒಯ್ಯಿತು.

ಇತ್ತೀಚೆಗೆ ನಾನು ಶಿಶುನಾಳದ ಗದ್ದುಗೆಯ ಮುಂದೆ ಕುಳಿತಿದ್ದೆ. ಅಲ್ಲಿಗೆ ಹಿಂದೂಗಳೂ ಬರುತ್ತಾರೆ, ಮುಸಲ್ಮಾನರೂ ಬರುತ್ತಾರೆ. ಯಾರೊಬ್ಬರೂ ಆ ಹಾಡುಗಾರ ತಮ್ಮೊಬ್ಬರವನೆಂದು ಒಯ್ಯಲಾರರು. ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಇಡದ ಆ ಮನುಷ್ಯರ ಹಾಡನ್ನು ನಾನು ಸ್ವಂತದ ಸೊತ್ತೆಂದು ಕಾಯ ಹೊರಟದ್ದು ನೆನಪಾಗಿ ನಾಚಿಕೆಯಾಯಿತು. ಊರಿಗೆ ಮರಳಿದವನೇ ಆ ವಿದ್ಯಾರ್ಥಿಯನ್ನು ಕರೆದು ಗಿಟಾರನ್ನು ತರಹೇಳಿದೆ. ಮುಂದಿನ ಸೋಮವಾರ ಏಕತಾರಿಯ ಪಕ್ಕದಲ್ಲಿ ಅವನಿಗೂ ಒಂದು ಚಾಪೆ ಹಾಸಲಾಯಿತು.