ಬ್ಯಾರಿಸ್ಟರ್ ಗಾಂಧಿ ಬರೆದ ಪರೀಕ್ಷೆಗಳು

ಒಂಬತ್ತನೆಯ ತರಗತಿಗೆ ಗಾಂಧೀಜಿಯವರ ಜೀವನವನ್ನು ಬೋಧಿಸಲು ಪಾಠಯೋಜನೆ ಬರೆಯುವಾಗ ನಾನು ಅವರ ಲಂಡನ್ ವಾಸವನ್ನು ಆರಿಸಿಕೊಂಡೆ. ಪರೀಕ್ಷೆಯೆಂದರೆ ಮಕ್ಕಳಿಗೂ ನಮಗೂ ಹತ್ತಿರದ ವಿಷಯ.

1888ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಅವರು ಲಂಡನ್ನಿನ ಇನ್ನರ್ ಟೆಂಪಲ್ ಸೇರಿದರು. ಬ್ಯಾರಿಸ್ಟರ್ ಆಗಲು ಎರಡು ಷರತ್ತುಗಳಿದ್ದವು. ಮೊದಲನೆಯದು, ಸುಮಾರು ಮೂರು ವರ್ಷಗಳಲ್ಲಿ 12 ಟರ್ಮ್ ಪೂರೈಸುವುದು; ಅಂದರೆ ಪ್ರತಿ ಟರ್ಮಿನಲ್ಲೂ ಕನಿಷ್ಠ ಆರು ಔತಣಗಳಿಗೆ ಹಾಜರಾಗುವುದು. ಎರಡನೆಯದು, ರೋಮನ್ ಕಾನೂನು ಮತ್ತು ಇಂಗ್ಲಿಷ್ ಕಾನೂನಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವುದು. ಹೆಚ್ಚಿನವರು ನೋಟ್ಸ್ ಓದಿಯೇ ಪಾಸಾಗುತ್ತಿದ್ದರು.

ಗಾಂಧೀಜಿಗೆ ಅಷ್ಟು ಸಾಲದಾಯಿತು. ಕಷ್ಟದ ಪರೀಕ್ಷೆಯೊಂದನ್ನು ಬರೆಯಬೇಕೆಂಬ ಆಸೆಯಿಂದ, ಕಡ್ಡಾಯವಲ್ಲದ ಲಂಡನ್ ಮೆಟ್ರಿಕ್ಯುಲೇಷನ್‌ಗೆ ಕಟ್ಟಿದರು. ಲ್ಯಾಟಿನ್‌ನಲ್ಲಿ ಫೇಲಾದರು. ಒಂದೇ ಕೋಣೆಯ ವಾಸಕ್ಕೆ ಬದಲಾಯಿಸಿ, ಖರ್ಚು ಇಳಿಸಿ, ಮತ್ತೆ ಓದಿ 1890ರಲ್ಲಿ ಪಾಸಾದರು. ಕಾನೂನಿಗೂ ಪಠ್ಯಪುಸ್ತಕಗಳನ್ನೇ ಕೊಂಡರು. ರೋಮನ್ ಕಾನೂನನ್ನು ಲ್ಯಾಟಿನ್‌ನಲ್ಲೇ ಓದಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆಗಿ, 12ರಂದು ಸ್ವದೇಶಕ್ಕೆ ಹಡಗು ಹತ್ತಿದರು.

ಆದರೆ ಅವರು ಓದಿದ್ದರಲ್ಲಿ ಭಾರತದ ಕಾನೂನು ಇರಲಿಲ್ಲ. ಮುಂಬಯಿಯಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. ಮುಂದೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅಲ್ಲಿ ಇದ್ದದ್ದು ರೋಮನ್-ಡಚ್ ಕಾನೂನು. ಲಂಡನ್ನಿನಲ್ಲಿ ಕಲಿತ ಲ್ಯಾಟಿನ್ ಅಲ್ಲಿ ನೆರವಾಯಿತು.

ಫೇಲಾದವರು ಛಲದಿಂದ ಪಾಸಾದರು ಎಂದಷ್ಟೇ ಹೇಳಿ ಮುಗಿಸಿದರೆ ಮುಂಬಯಿಯ ಸೋಲು ಪಾಠದಿಂದ ಬಿಟ್ಟುಹೋಗುತ್ತದೆ. ಆದ್ದರಿಂದ ಮೌಲ್ಯಮಾಪನಕ್ಕೆ ನಾನು ಎರಡು ಪ್ರಶ್ನೆ ಇಟ್ಟಿದ್ದೇನೆ: ಪಾಸಾಗಲು ಬೇಕಿಲ್ಲದ್ದನ್ನು ಅವರು ಏಕೆ ಓದಿದರು? ಪಾಸಾದ ಮೇಲೂ ಅವರಿಗೆ ಕಲಿಯಲು ಏನು ಉಳಿದಿತ್ತು?