ಮಾತ್ಸುಯೆಯ ಮೇಷ್ಟರು

1890ನೆಯ ಇಸವಿ ಆಗಸ್ಟ್ 30ರಂದು ಜಪಾನಿನ ಮಾತ್ಸುಯೆ ಎಂಬ ಹಳೆಯ ಕೋಟೆಯ ಊರಿಗೆ ಪರದೇಶಿಯೊಬ್ಬನು ಬಂದಿಳಿದನು. ವಯಸ್ಸು ನಲವತ್ತು, ಗಿಡ್ಡನೆಯ ಆಳು, ಎಡಗಣ್ಣು ಕುರುಡು, ಬಲಗಣ್ಣಿನ ದೃಷ್ಟಿಯೂ ಮಂದ. ಅಲ್ಲಿನ ಮಾಧ್ಯಮಿಕ ಶಾಲೆಯಲ್ಲಿಯೂ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿಯೂ ಇಂಗ್ಲಿಷ್ ಕಲಿಸುವುದು ಅವನಿಗೆ ಒದಗಿದ ಕೆಲಸ. ಸಂಬಳ ತಿಂಗಳಿಗೆ 100 ಯೆನ್. ಜಪಾನೀ ಭಾಷೆ ಅವನಿಗೆ ಬಾರದು. ಶಾಲೆಯ ಮೇಷ್ಟರ ವೃತ್ತಿಯೂ ಹೊಸದು. ಇವನೇ ಲಾಫ್ಕಾಡಿಯೊ ಹರ್ನ್.

ಎಲ್ಲಿಯೂ ನೆಲೆ ನಿಲ್ಲದಿರುವುದು ಹರ್ನನಿಗೆ ಹುಟ್ಟಿನಿಂದ ಬಂದ ಪಾಡು. 1850ರಲ್ಲಿ ಗ್ರೀಸ್ ಕಡೆಯ ಲೆಫ್ಕಾಡ ದ್ವೀಪದಲ್ಲಿ ಅವನ ಜನನ. ತಾಯಿ ಆ ಸೀಮೆಯ ಹೆಣ್ಣುಮಗಳು. ತಂದೆ ಬ್ರಿಟಿಷ್ ಸೈನ್ಯದಲ್ಲಿ ವೈದ್ಯನಾಗಿದ್ದ ಐರ್ಲೆಂಡಿನವನು. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಡಬ್ಲಿನ್ನಿಗೆ ಬಂದ ತಾಯಿಗೆ ಅಲ್ಲಿನ ಭಾಷೆಯೂ ಹಿಡಿಸಲಿಲ್ಲ, ಹವೆಯೂ ಹಿಡಿಸಲಿಲ್ಲ. ಮಗನಿಗೆ ನಾಲ್ಕು ವರ್ಷವಾದಾಗ ಅವಳು ತವರಿಗೆ ಮರಳಿದಳು. ಮತ್ತೆಂದೂ ಅವನು ಅವಳನ್ನು ಕಾಣಲಿಲ್ಲ. ತಂದೆ ಆ ಮದುವೆಯನ್ನು ರದ್ದುಪಡಿಸಿಕೊಂಡು, ಬೇರೊಬ್ಬಳನ್ನು ವರಿಸಿ, ಇಂಡಿಯಾದ ಸೈನ್ಯದ ಕೆಲಸಕ್ಕೆ ಹೊರಟುಹೋದನು. ಮುದಿ ಅತ್ತೆಯೊಬ್ಬಳು ಹುಡುಗನನ್ನು ಸಾಕಿದಳು. ಹದಿನಾರರಲ್ಲಿ ಶಾಲೆಯ ಆಟದಲ್ಲಿ ಕಣ್ಣು ಹೋಯಿತು. ಅತ್ತೆಯ ಆಸ್ತಿಯೂ ಕರಗಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನನ್ನು ಅಮೆರಿಕಕ್ಕೆ ಸಾಗಹಾಕಿದರು.

ಸಿನ್ಸಿನಾಟಿ ನಗರದಲ್ಲಿ ಹಸಿವನ್ನು ಕಂಡು, ಮುಂದೆ ಪತ್ರಿಕಾ ವರದಿಗಾರನಾಗಿ ಹೆಸರು ಪಡೆದನು. 1874ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ್ದ ಮಿಶ್ರವರ್ಣದ ಹೆಣ್ಣೊಬ್ಬಳನ್ನು ಕೈಹಿಡಿದನು. ಅಂಥ ವಿವಾಹವನ್ನು ಅಲ್ಲಿನ ಕಾನೂನು ಒಪ್ಪುತ್ತಿರಲಿಲ್ಲ. ಕೆಲಸ ಹೋಯಿತು, ಆ ಸಂಸಾರವೂ ಬಹುಕಾಲ ಬಾಳಲಿಲ್ಲ. ನ್ಯೂ ಆರ್ಲಿಯನ್ಸಿನಲ್ಲಿ ಹತ್ತು ವರ್ಷ, ಮಾರ್ಟಿನೀಕ್ ದ್ವೀಪದಲ್ಲಿ ಎರಡು ವರ್ಷ ಕಳೆದು, 1890ರ ಏಪ್ರಿಲಿನಲ್ಲಿ ಲೇಖನ ಬರೆಯುವ ಉದ್ದೇಶದಿಂದ ಜಪಾನಿಗೆ ಬಂದನು. ಬಂದ ಸ್ವಲ್ಪ ಕಾಲದಲ್ಲಿಯೇ ಪ್ರಕಾಶಕರೊಡನೆ ಜಗಳವಾಡಿ ಸಂಬಂಧ ಕಡಿದುಕೊಂಡನು. ಮೇಷ್ಟರ ಕೆಲಸ ಹೀಗೆ ಹೊಟ್ಟೆಪಾಡಿಗೆ ಒದಗಿದ ಆಸರೆ.

ಮಾತ್ಸುಯೆಯಲ್ಲಿ ಅವನ ಕೈಹಿಡಿದು ನಡೆಸಿದವನು ಸಹೋದ್ಯೋಗಿ ನಿಷಿದಾ ಸೆಂತಾರೊ. ಯಾರಿಗೆ ಹೇಗೆ ನಮಸ್ಕರಿಸಬೇಕು, ಯಾವ ಮಾತಿನ ಅರ್ಥವೇನು ಎಂಬುದನ್ನೆಲ್ಲ ಬಲ್ಲ ನಿಷಿದಾ ಅವನಿಗೆ ದುಭಾಷಿಯೂ ಆದನು, ಗೆಳೆಯನೂ ಆದನು. ಹರ್ನನು ಹುಡುಗರಿಂದ ಪ್ರಬಂಧಗಳನ್ನು ಬರೆಸಿದನು. ಅವರ ಇಂಗ್ಲಿಷನ್ನು ತಿದ್ದುತ್ತ ತಿದ್ದುತ್ತ, ಆ ನಾಡಿನ ನಂಬಿಕೆಗಳನ್ನೂ ಮನೋಧರ್ಮವನ್ನೂ ತಾನು ಕಲಿತನು. ತರಗತಿಯಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಹೇಳುವುದು ಕಷ್ಟವಾಯಿತು.

ಆ ವರ್ಷದ ಚಳಿಗಾಲ ಕಠಿಣವಾಗಿತ್ತು; ಹರ್ನನು ಹಾಸಿಗೆ ಹಿಡಿದನು. 1891ರ ಆರಂಭದಲ್ಲಿ ಮನೆವಾರ್ತೆ ನೋಡಿಕೊಳ್ಳಲು ಬಂದವಳು ಕೊಯಿಜುಮಿ ಸೆತ್ಸು. ಹೊಸ ಆಡಳಿತದಲ್ಲಿ ಸಿರಿ ಕಳೆದುಕೊಂಡ ಸಮುರಾಯ್ ಮನೆತನದ ಮಗಳು, ಪ್ರಾಯ ಇಪ್ಪತ್ತೆರಡು. ಅವಳೇ ಅವನ ಮಡದಿಯಾದಳು. ಪ್ರತ್ಯಯಗಳನ್ನೆಲ್ಲ ಬಿಟ್ಟ ಒಂದು ಮುರುಕು ಜಪಾನೀ ಭಾಷೆ ಅವರಿಬ್ಬರ ನಡುವೆ ಬೆಳೆಯಿತು. ಊರವರು ಅವನನ್ನು ಕರೆಯುತ್ತಿದ್ದುದು ಹೆರುನ್ ಎಂದು. ಅವರ ಮನೆಮಾತಿಗೂ ಆ ಹೆಸರೇ ನಿಂತಿತು. ಸೆತ್ಸು ಹಳೆಯ ಕಥೆಗಳನ್ನು ಪುಸ್ತಕ ನೋಡದೆ, ತನ್ನದೇ ಮಾತಿನಲ್ಲಿ ಹೇಳಬೇಕೆಂಬುದು ಅವನ ಹಟ. 1904ರಲ್ಲಿ ಬೆಳಕು ಕಂಡ ‘ಕ್ವೈದಾನ್’ ಎಂಬ ಭೂತಪ್ರೇತಗಳ ಕಥಾಸಂಕಲನಕ್ಕೆ ಈ ಕಥನವೇ ಆಧಾರ.

1891ರ ನವೆಂಬರಿನಲ್ಲಿ, ಇಮ್ಮಡಿ ಸಂಬಳದ ಮೇಲೆ, ಹರ್ನನು ಕುಮಾಮೋತೊ ನಗರದ ಶಾಲೆಗೆ ಹೋದನು. ಸೆತ್ಸುವಿನ ಹಿರಿಯರ ಪೋಷಣೆಯೂ ಅವನ ಹೆಗಲಿಗೆ ಬಂದಿತ್ತು. ಆ ಊರು ಅವನಿಗೆ ಒಗ್ಗಲಿಲ್ಲ. ಮೊದಲ ದಿನಗಳ ಮೋಹ ಇಳಿದು, ಜಪಾನಿನ ಮೇಲೆಯೇ ಬೇಸರ ಹುಟ್ಟಿದ ಕಾಲ ಅದು. ಹಿಂದಿನ ಹರ್ನನಾಗಿದ್ದರೆ ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಿದ್ದನು. ಆದರೆ 1893ರ ನವೆಂಬರಿನಲ್ಲಿ ಮಗ ಹುಟ್ಟಿದನು.

ಈಗ ಕಾನೂನಿನ ತೊಡಕು ಎದುರಾಯಿತು. ಸೆತ್ಸುವನ್ನು ಬ್ರಿಟಿಷ್ ಪ್ರಜೆಯ ಪತ್ನಿಯೆಂದು ದಾಖಲಿಸಿದರೆ ಅವಳು ಜಪಾನಿನ ಪ್ರಜೆಯಾಗಿ ಉಳಿಯುವಂತಿರಲಿಲ್ಲ. ದಾಖಲಿಸದಿದ್ದರೆ, ತಾನು ಸತ್ತ ಮೇಲೆ ಅವಳಿಗೂ ಮಗುವಿಗೂ ಆಸ್ತಿಯ ಹಕ್ಕು ದಕ್ಕುವುದೆಂಬ ಭರವಸೆಯಿಲ್ಲ. ಇನ್ನು ಉಳಿದ ದಾರಿ, ತಾನೇ ಜಪಾನಿನ ಪ್ರಜೆಯಾಗುವುದು. ಹಾಗೆ ಮಾಡಿದರೆ ಪರದೇಶದ ಅಧ್ಯಾಪಕರಿಗೆ ಸಲ್ಲುವ ದೊಡ್ಡ ಸಂಬಳ ತಪ್ಪೀತೆಂಬ ಭಯ ಅವನಿಗಿತ್ತು. ಭಯವಿದ್ದೂ ಆ ದಾರಿಯನ್ನೇ ಹಿಡಿದನು. 1896ರಲ್ಲಿ ಮಡದಿಯ ಮನೆತನಕ್ಕೆ ಸೇರಿ ಕೊಯಿಜುಮಿ ಯಾಕುಮೊ ಎನಿಸಿಕೊಂಡನು. ತಂದೆ ತನ್ನ ಹೆಸರನ್ನು ಮಡದಿ ಮಕ್ಕಳಿಗೆ ಕೊಡುವುದು ಅವನು ಹುಟ್ಟಿದ ಸಮಾಜದ ರೂಢಿ. ಇಲ್ಲಿ ತಂದೆಯೇ ತಾಯಿಯ ಹೆಸರನ್ನು ಧರಿಸಿದನು.

ಅದೇ ವರ್ಷ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನಾದನು. 1903ರಲ್ಲಿ ಆ ಕೆಲಸ ತಪ್ಪಿತು. ಅವನ ತರುವಾಯ ಅಲ್ಲಿ ಪಾಠ ಹೇಳಿದವರಲ್ಲಿ ಕಾದಂಬರಿಕಾರ ನಾತ್ಸುಮೆ ಸೋಸೆಕಿ ಒಬ್ಬನು. 1904ರ ಸೆಪ್ಟೆಂಬರ್ 26ರಂದು ಹರ್ನನು ತೀರಿಕೊಂಡನು. ಮೂವರು ಗಂಡುಮಕ್ಕಳೂ ಒಬ್ಬ ಮಗಳೂ ತಾಯಿಯ ಬಳಿಯಲ್ಲಿ, ತಮ್ಮ ಸ್ವಂತ ದೇಶದಲ್ಲಿ ಉಳಿದರು.

ಮಾತ್ಸುಯೆಯಲ್ಲಿ ಅವನು ಮೇಷ್ಟರಾಗಿದ್ದುದು ಹದಿನೈದು ತಿಂಗಳಿಗಿಂತಲೂ ಕಡಿಮೆ. ಆದರೂ ಕೋಟೆಯ ಕಂದಕದ ಪಕ್ಕದಲ್ಲಿ ಅವನು ಬಾಡಿಗೆಗಿದ್ದ ಮನೆಯನ್ನು ಆ ಊರು ಇಂದಿಗೂ ಜೋಪಾನವಾಗಿ ಉಳಿಸಿಕೊಂಡಿದೆ. ಟೋಕಿಯೋದ ಜೋಷಿಗಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅವನ ತರುವಾಯ ಇಪ್ಪತ್ತೇಳು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಸೆತ್ಸುವಿನ ಸಮಾಧಿ ಅದರ ಪಕ್ಕದಲ್ಲಿಯೇ ಇದೆ.