ತಂಗಿಯ ನೋವಿನಿಂದ ಕಾಯಿದೆಯವರೆಗೆ: ಜಾನ್ ಎಫ್. ಕೆನಡಿ

ಕೋಪರಿ, ಅ. 10: ಮನೆಯಲ್ಲಿ ಮಾನಸಿಕ ತೊಂದರೆಯುಳ್ಳವರಿದ್ದರೆ ನೆಂಟರಿಷ್ಟರಿಗೆ ತಿಳಿಯದಂತೆ ಮುಚ್ಚಿಡುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಅಮೆರಿಕದ 35ನೇ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಮನೆತನವೂ ಇದಕ್ಕೆ ಹೊರತಾಗಿರಲಿಲ್ಲ. ವಿಶ್ವ ಮಾನಸಿಕ ಆರೋಗ್ಯ ದಿನವಾದ ಇಂದು ಅವರ ಬದುಕಿನ ಈ ಮುಖವನ್ನು ಸ್ಮರಿಸುವುದು ಅರ್ಥಪೂರ್ಣ.

1917ರ ಮೇ 29ರಂದು ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿ ಜನಿಸಿದ ಕೆನಡಿ, ಒಂಬತ್ತು ಮಕ್ಕಳಲ್ಲಿ ಎರಡನೆಯವರು. ಮರುವರ್ಷ ಹುಟ್ಟಿದ ತಂಗಿ ರೋಸ್‌ಮೇರಿಯ ಬುದ್ಧಿ ಬೆಳವಣಿಗೆ ನಿಧಾನವಾಗಿತ್ತು. 1941ರಲ್ಲಿ, ಆಕೆಯ 23ನೇ ವಯಸ್ಸಿನಲ್ಲಿ, ತಂದೆ ಜೋಸೆಫ್ ಮಗಳಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಗುಣವಾಗುವ ಬದಲು ನಡಿಗೆ, ಮಾತು ಎರಡೂ ಕುಂದಿದವು. ಆಕೆಯ ಉಳಿದ ಬದುಕು ಆರೈಕೆ ಸಂಸ್ಥೆಗಳಲ್ಲೇ ಕಳೆಯಿತು. ಮನೆಯವರು ಬಹುಕಾಲ ಈ ವಿಷಯವನ್ನು ಹೊರಗೆ ಹೇಳಲಿಲ್ಲ.

ಮಹಾಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದ ಕೆನಡಿ, ಮುಂದೆ ಸಂಸತ್ತಿನ ಎರಡೂ ಸದನಗಳಲ್ಲಿ ಸೇವೆ ಸಲ್ಲಿಸಿ 1961ರ ಜನವರಿಯಲ್ಲಿ ಅಧ್ಯಕ್ಷರಾದರು. ಇನ್ನೊಬ್ಬ ತಂಗಿ ಯೂನಿಸ್ ಅವರ ಒತ್ತಾಸೆಯಿಂದ ಅದೇ ವರ್ಷ, ಆಗ ಬುದ್ಧಿಮಾಂದ್ಯತೆ ಎನ್ನಲಾಗುತ್ತಿದ್ದ ಸಮಸ್ಯೆಯ ಅಧ್ಯಯನಕ್ಕೆ ತಜ್ಞರ ಸಮಿತಿ ನೇಮಿಸಿದರು. 1962ರಲ್ಲಿ ಯೂನಿಸ್, ರೋಸ್‌ಮೇರಿಯ ಸ್ಥಿತಿಯನ್ನು ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಬರೆದರು. ಮುಚ್ಚಿಟ್ಟಿದ್ದ ನೋವು ಹೀಗೆ ದೇಶದ ಚರ್ಚೆಗೆ ಬಂತು.

ಬುದ್ಧಿ ಬೆಳವಣಿಗೆಯ ಕೊರತೆ ಬೇರೆ, ಮನೋರೋಗ ಬೇರೆ. ಆದರೆ ಎರಡಕ್ಕೂ ಆಗ ದೊಡ್ಡ ಆಸ್ಪತ್ರೆಗಳ ಗೋಡೆಯೇ ಗತಿಯಾಗಿತ್ತು. 1963ರ ಫೆಬ್ರವರಿ 5ರಂದು ಕೆನಡಿ ಈ ಎರಡರ ಬಗೆಗೂ ಸಂಸತ್ತಿಗೆ ವಿಶೇಷ ಸಂದೇಶ ಕಳುಹಿಸಿದರು. ರೋಗಿಗೆ ತನ್ನ ಊರಿನಲ್ಲೇ ಚಿಕಿತ್ಸೆ ದೊರಕಿಸುವ ಸಮುದಾಯ ಮಾನಸಿಕ ಆರೋಗ್ಯ ಕಾಯಿದೆಗೆ ಅಕ್ಟೋಬರ್ 31ರಂದು ಸಹಿ ಹಾಕಿದರು. ಇಪ್ಪತ್ತೆರಡು ದಿನಗಳ ಬಳಿಕ, ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಗುಂಡಿಗೆ ಬಲಿಯಾದರು. ಹಣದ ಕೊರತೆಯಿಂದ ಯೋಜಿಸಿದಷ್ಟು ಕೇಂದ್ರಗಳು ಏಳಲಿಲ್ಲ. ಆಸ್ಪತ್ರೆ ಬಿಟ್ಟ ಅನೇಕರು ಬೀದಿಪಾಲಾದರು. ಆದರೂ ಯೂನಿಸ್ ಕೈಬಿಡಲಿಲ್ಲ. 1968ರಲ್ಲಿ ವಿಶೇಷ ಒಲಿಂಪಿಕ್ಸ್ ಆರಂಭಿಸಿದರು. ರೋಸ್‌ಮೇರಿ 2005ರಲ್ಲಿ, 86ನೇ ವಯಸ್ಸಿನಲ್ಲಿ ನಿಧನರಾದರು.

ಮನೆ ಹತ್ತಿರವೇ ಚಿಕಿತ್ಸೆ ಎಂಬ ಈ ಚಿಂತನೆ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1901ರಲ್ಲಿ ಸ್ಥಾಪನೆಯಾದ ಮನೋರೋಗ ಆಸ್ಪತ್ರೆ ನಮ್ಮ ಥಾಣೆಯಲ್ಲೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ಲಭ್ಯ. ಮುಚ್ಚಿಡುವುದನ್ನು ಬಿಟ್ಟು ಮನೆಯವರು ಮೊದಲು ಬಾಯಿ ತೆರೆಯಬೇಕಷ್ಟೆ.